ಓನರಮ್ಮನಿಗೆ ಬಿನೈನ್ ಬಂದಾಗ

ಸತ್ಯನಾರಾಯಣಪೇಟೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರಮ್ಮ ಯಾರೊಂದಿಗೂ ಜಗಳವಾಡಿದ್ದನ್ನು ನಾನು ನೋಡಿರಲಿಲ್ಲ. ಯಾರು ಏನೇ ಅಂದರೂ ಸೆರಗಿನಿಂದ ಬಾಯಿ ಒರೆಸಿಕೊಂಡು, ಹೊಟ್ಟೆ ತಟ್ಟಿ ತೋರಿಸಿ, "ಎಲ್ಲಾ ಇಲ್ಲೇ ಹಾಕ್ಕೊಂಡೀನಿ, ತಂಗಿ" ಎನ್ನುತ್ತಿದ್ದರು. ಹೊಟ್ಟೆಯೂ ಆ ಮಾತಿಗೆ ತಕ್ಕಂತೆ ದೊಡ್ಡದಾಗಿಯೇ ಇತ್ತು.

ಒಮ್ಮೆ ಅವರ ಕುತ್ತಿಗೆಯಲ್ಲಿ ಗಂಟೊಂದು ಎದ್ದಿತು. ಪರೀಕ್ಷೆ ಮಾಡಿಸಿದ ಡಾಕ್ಟರು "ಬಿನೈನ್" ಎಂದಷ್ಟೇ ಹೇಳಿ ಮುಂದಿನ ಪೇಷಂಟನ್ನು ಕರೆದರಂತೆ. ಕನ್ನಡದಲ್ಲಿ ಹೇಳಲಾಗದ ರೋಗವೆಂದರೆ ಸಾಯುವ ರೋಗವೇ ಇರಬೇಕೆಂದು ಓನರಮ್ಮ ತೀರ್ಮಾನಿಸಿದರು. ಮನೆಗೆ ಬಂದವರೇ ಕುರುಗೋಡಿನ ಓರಗಿತ್ತಿಗೆ ಫೋನ್ ಹಚ್ಚಿದರು.

"ಅಕ್ಕಾ, ನಾ ಇನ್ನ ಹೋಗಾಕಿ ಅದೀನಿ, ಅದಕ್ಕ ಹೇಳ್ತೀನಿ. ನಿನ್ನ ಹೋಳಿಗಿ ಹರಕ ಚಪ್ಪಲಿ ಇದ್ದಂಗ ಇರ್ತಾವ. ನಿನ್ನ ಗಂಡ ಸಿರುಗುಪ್ಪದಾಗ ಕೆಲಸ ಹಿಡದಿದ್ದು ನಿನ್ನ ಬಾಯಿಗೆ ಹೆದರಿ!"

ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಬಿತ್ತು.

ಸಂಜೆ ನನ್ನನ್ನು ಕರೆದು ತಮ್ಮ ಸಾವಿನ ಸುದ್ದಿ ತಿಳಿಸಿದರು.

"ಅಮ್ಮಾ, ಬಿನೈನ್ ಅಂದ್ರ ಅಪಾಯ ಇಲ್ಲದ ಗಂಟು ಅಂತರಿ. ನಿಮಗೇನೂ ಆಗಂಗಿಲ್ಲ" ಎಂದೆ.

ಸಂತೋಷಪಡುತ್ತಾರೆಂದುಕೊಂಡರೆ ಫೋನಿನ ಕಡೆ ನೋಡಿ ಗಾಬರಿಯಾದರು.

"ಖರೇನಾ? ನಾ ಸಾಯಂಗಿಲ್ಲಾ? ಅಯ್ಯಯ್ಯ, ಬರೋ ವಾರ ಆ ಕುರುಗೋಡಿನಾಕಿ ಮಗಳ ಮದಿವಿ ಐತಲ್ಲೇ!"

ಮತ್ತೆ ಫೋನ್ ಎತ್ತಿದರು. ದನಿ ಬೆಣ್ಣೆಯಾಗಿತ್ತು.

"ಅಕ್ಕಾ, ಈ ಬಿನೈನ್ ಬಂದೋರು ಬಾಯಿಗೆ ಬಂದಂಗ ಮಾತಾಡ್ತಾರಂತ, ಡಾಕ್ಟರೇ ಹೇಳ್ಯಾರ. ಮನಸಿಗೆ ಹಚ್ಕೋಬ್ಯಾಡ ನೋಡು."