ನಾಲ್ಕನೇ ನಂಬರಿನ ರಾಡು

ರೈಲ್ವೆ ವರ್ಕ್‌ಶಾಪಿನ ಮೆಕ್ಯಾನಿಕಲ್ ಎಂಜಿನಿಯರ್ ಹುದ್ದೆಯಿಂದ ನಿವೃತ್ತನಾದ ಮರುವರ್ಷ ನನಗೆ ಆ ಕೆಲಸ ಬಂತು. ಮುಂಬಯಿ ಉಪನಗರದ ಉದ್ಯಾನವೊಂದರಲ್ಲಿ ಪುಟ್ಟ ಪಾರಂಪರಿಕ ರೈಲು ಆರಂಭಿಸುವವರಿದ್ದರು. ಅವರ ಬಳಿ ನ್ಯಾರೋ ಗೇಜಿನ, ಅಂದರೆ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಓಡುವ, ಎರಡು ಹಳೆಯ ಉಗಿ ಎಂಜಿನ್‌ಗಳಿದ್ದವು: ನಾಲ್ಕನೇ ನಂಬರು, ಏಳನೇ ನಂಬರು. ಒಂದೇ ಕಾರ್ಖಾನೆಯ ಅಕ್ಕತಂಗಿಯರು. ಹೋಲಿಸಿ ನೋಡಿ, ಓಡಿಸಲು ಒಂದನ್ನು ನಾನು ಆರಿಸಬೇಕಿತ್ತು. ಇನ್ನೊಂದರ ಬಾಯ್ಲರಿಗೆ ಕಾಯಂ ಬೆಸುಗೆ ಹಾಕಿ ಗೇಟಿನ ಪಕ್ಕ ಪ್ರದರ್ಶನಕ್ಕೆ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು.

ಸಯನ್‌ನ ಮನೆಯಿಂದ ಲೋಕಲ್ ರೈಲು ಹಿಡಿದು ಎಂಟು ದಿನ ಹೋಗಿಬಂದೆ. ಬಾಯ್ಲರ್ ತಗಡಿನ ದಪ್ಪ, ಚಕ್ರಗಳ ಸವೆತ ಎರಡರದೂ ಸರಿಸಮ. ಆದರೆ ಕಂಪ್ರೆಸರಿನ ಗಾಳಿ ಕೊಟ್ಟು ಮೆಲ್ಲನೆ ಓಡಿಸಿದಾಗ ಏಳು ತುಸು ಕುಲುಕಿದರೂ ಮುಂದೆ ಹೋಯಿತು. ನಾಲ್ಕು ಮಾತ್ರ ಪ್ರತಿ ಸುತ್ತಿಗೂ ಧಡ್ ಧಡ್ ಎಂದು ಹೊಡೆದುಕೊಂಡಿತು. ಎಂಜಿನ್ನನ್ನು ಹೊರುವ ಫ್ರೇಮ್ ಬಾಗಿರಬೇಕೆಂದುಕೊಂಡು, ಅದನ್ನು ಅಳೆಯದೆಯೇ 'ನಾಲ್ಕು: ಅಯೋಗ್ಯ' ಎಂದು ಬರೆದೆ. ಸಹಿಯೊಂದು ಬಾಕಿ.

ಸಹಾಯಕ್ಕೆ ನನ್ನ ಹಳೆಯ ಫಿಟರ್ ರಾಜೇಸಾಬ್ ಬಂದಿದ್ದರು, ವಿಜಯಪುರದ ಕಡೆಯವರು. ನಾಲ್ಕರ ಚಕ್ರಗಳನ್ನು ಜೋಡಿಸುವ ಉಕ್ಕಿನ ರಾಡನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದವರು ತಟ್ಟನೆ ಕೂಗಿದರು.

"ಸಾಹೇಬ್ರ, ಸಹಿ ಮಾಡಬ್ಯಾಡ್ರಿ! ಇದು ಈಕಿ ರಾಡ್ ಅಲ್ರಿ."

ಗಟ್ಟಿಯಾದ ಗ್ರೀಸಿನ ಅಡಿಯಲ್ಲಿ ಅಚ್ಚೊತ್ತಿದ ಅಂಕಿ ಏಳು. ಏಳರ ಬಳಿ ಓಡಿ ಬಣ್ಣ ಕೆರೆದರೆ, ಅಲ್ಲಿ ನಾಲ್ಕು! ಎಂದೋ ರಿಪೇರಿಗೆ ಬಿಚ್ಚಿದವರು ಅದಲುಬದಲು ಮಾಡಿದ್ದರು. ರಾಡಿನ ಎರಡು ತೂತುಗಳ ಅಂತರವನ್ನು ಆಯಾ ಎಂಜಿನ್ನಿನ ಚಕ್ರಗಳಿಗೇ ಹೊಂದಿಸಿರುತ್ತಾರೆ; ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅದು ಹೊಡೆದುಕೊಳ್ಳುತ್ತದೆ. ಫ್ರೇಮ್ ಅಳೆದೆವು, ನೆಟ್ಟಗಿತ್ತು.

ಉದ್ಯಾನದ ವ್ಯವಸ್ಥಾಪಕಿ ಸುಲಭಾ ಮುಂಬಯಿಯ ಮಾಟುಂಗದಲ್ಲೇ ಬೆಳೆದ ಕನ್ನಡದವರು. "ಸರ್, ನಾಳೆ ಮೀಟಿಂಗ್. ನನಗೆ ಒಂದು ನಂಬರ್ ಬೇಕು, ಬಸ್" ಎಂದರು.

"ಕೊಡಲಾರೆ. ನಾನು ಅವಸರ ಮಾಡಿದೆ, ತಪ್ಪು ನನ್ನದು. ಆರು ವಾರ ಕೊಡಿ" ಎಂದು ಅಂಕಿಗಳನ್ನು ತೋರಿಸಿದೆ.

ಅವರು ಬಗ್ಗಿ ನೋಡಿ ನಕ್ಕುಬಿಟ್ಟರು. "ಅಯ್ಯೋ, ಅಕ್ಕನ ಬಳೆ ತಂಗಿಗೆ ಹಾಕಿದ್ದಾರಾ!"

ಮೀಟಿಂಗಿನಲ್ಲಿ ಆರು ವಾರ ಅವರೇ ಗಿಟ್ಟಿಸಿಕೊಟ್ಟರು. ರಾಡುಗಳನ್ನು ಅವುಗಳ ಒಡತಿಯರಿಗೆ ಮರಳಿಸಿ, ತೂತುಗಳಿಗೆ ಹೊಸ ಕಂಚಿನ ಉಂಗುರ ಕೂಡಿಸಿದೆವು. ಬಾಯ್ಲರ್ ತಪಾಸಣೆಯೂ ಮುಗಿಯಿತು. ಒಂದು ಬೆಳಿಗ್ಗೆ ನಾಲ್ಕನೇ ನಂಬರಿನ ಎಂಜಿನ್ನಿಗೆ ಬೆಂಕಿ ಹಾಕಿದೆವು. ಅದು ಒಮ್ಮೆಯೂ ಧಡ್ ಎನ್ನದೆ ಎದ್ದು ನಡೆದಂತೆ ಹೊರಟಿತು.

"ಕೇಳ್ರಿ ಸಾಹೇಬ್ರ, ಬರೇ ಉಸಿರಾಟ!" ಎಂದರು ರಾಜೇಸಾಬ್. ಸುಲಭಾ ಎರಡು ಸಲ ಸೀಟಿ ಎಳೆದು, ಕಾರಣವಿಲ್ಲದೆ ಮೂರನೆಯ ಸಲವೂ ಎಳೆದರು. ವಾರ ಕಳೆದು ಏಳೂ ಓಡಿತು. ಕೊನೆಗೆ ನನ್ನ ವರದಿಯಲ್ಲಿ ಎರಡು ನಂಬರುಗಳಿದ್ದವು.

ಯಂತ್ರಗಳ ದೋಷ ಹುಡುಕುವುದರಲ್ಲೇ ಸರ್ವಿಸ್ ಕಳೆದವನು ನಾನು. ಒಂದನ್ನು ಇನ್ನೊಂದಕ್ಕಿಂತ ಕಡಿಮೆ ಎನ್ನುವ ಮೊದಲು, ಅದರದ್ದು ಅದರ ಬಳಿ ಇದೆಯೇ ಎಂದು ನೋಡಬೇಕೆಂಬುದನ್ನು ಮಾತ್ರ ಪೆನ್ಷನ್ ಬರತೊಡಗಿದ ಮೇಲೆ ಕಲಿತೆ.