ರಜದ ಲಡಿ

ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯವರು ಚಳ್ಳಕೆರೆಯಲ್ಲಿ ಮೇಷ್ಟರಾಗಿದ್ದರು. ವರ್ಷದ ಕೊನೆಗೆ ಕ್ರಿಸ್‌ಮಸ್ ರಜ ಸಿಕ್ಕಿತೆಂದರೆ, ಎತ್ತಿನ ಗಾಡಿಯಿಂದ ಇಳಿದವರು ರುಮಾಲನ್ನೂ ತೆಗೆಯದೆ ನೇರ ಅಡುಗೆಮನೆಗೆ ಹೋಗುತ್ತಿದ್ದರು. ಮುದ್ದೆ ತಿರುವುವ ಕೋಲನ್ನು ಎತ್ತ ಕಡೆಯಿಂದ ಎತ್ತ ಕಡೆಗೆ ತಿರುವಬೇಕು ಎನ್ನುವುದರಿಂದ ಪಾಠ ಶುರು. "ಎಲ್ಲದಕ್ಕೂ ಒಂದು ಕ್ರಮ ಐತೆ" ಎನ್ನುವಾಗ ತೋರುಬೆರಳು ತಾನಾಗಿಯೇ ಮೇಲೇಳುತ್ತಿತ್ತು.

ಅವರ ಹೆಂಡತಿ ನಮ್ಮ ಮಗ್ಗಕ್ಕೆ ರೇಷ್ಮೆ ಸುತ್ತಿಕೊಡುತ್ತಿದ್ದರು. ಆಕೆ ಸಿಕ್ಕಾದ ನೂಲಿನ ಲಡಿಯೊಂದನ್ನು ತಂದು ಗಂಡನ ಮುಂದಿಡುತ್ತಿದ್ದರು. "ನನ್ನ ಕೈಲಿ ಆಗ್ಲಿಲ್ರಿ. ನೀವೇ ಬಿಡಿಸ್ಬೇಕು." ಮೇಷ್ಟರು ಲಡಿಯನ್ನು ಮೊಣಕಾಲಿಗೆ ಹಾಕಿಕೊಂಡು ಜಗಲಿ ಹಿಡಿದರೆ, ಸಿಕ್ಕು ಬಿಡಿಸುವುದರಲ್ಲೇ ರಜವೆಲ್ಲ ಕಳೆಯುತ್ತಿತ್ತು. ಅಡುಗೆಮನೆಯ ಪಾಠ ತಣ್ಣಗಾಗುತ್ತಿತ್ತು.

ಒಂದು ವರ್ಷ ಅವರು ಬರುವ ಹಿಂದಿನ ದಿನ ನಾನು ರೇಷ್ಮೆ ಕೇಳಲು ಹೋದೆ. ಆಕೆ ಚೆನ್ನಾಗಿದ್ದ ಲಡಿಯನ್ನು ಕೈಯಾರೆ ಸಿಕ್ಕು ಮಾಡುತ್ತ ಕುಳಿತಿದ್ದರು. ನನ್ನನ್ನು ಕಂಡು ಬೆಚ್ಚಿದರು.

"ಯಾರ ಮುಂದೂ ಅನ್ಬ್ಯಾಡ ತಮ್ಮಾ. ನಾನೂ ಹತ್ತು ದಿನ ಉಸಿರಾಡ್ಬೇಕಲ್ಲ?"

ನಾನು ಯಾರಿಗೂ ಹೇಳಲಿಲ್ಲ. ರೇಷ್ಮೆ ನಮ್ಮದಾದರೂ ಮಾತು ನುಂಗಿಕೊಂಡೆ.

ಆ ಸಲ ರಜ ಮುಗಿದು ಗಾಡಿ ಬಾಗಿಲಿಗೆ ಬಂತು. ಹೆಂಡತಿ ಒಳಗೆ ಬುತ್ತಿ ಕಟ್ಟುತ್ತಿರುವಾಗ ಮೇಷ್ಟರು ನನ್ನನ್ನು ಹತ್ತಿರ ಕರೆದು, ಪೂರ್ತಿ ಬಿಡಿಸಿದ ಲಡಿಯನ್ನು ಕೈಗಿಟ್ಟರು.

"ಲೇ, ತುದಿಗೆ ಕೆಂಪು ದಾರ ಕಟ್ಟೀನಿ, ನೋಡ್ಕೊ. ಮುಂದಿನ ವರ್ಷ ಸಿಕ್ಕು ಮಾಡಾಕೆ ಆಕೆಗೆ ಇದನ್ನೇ ಕೊಡು. ವರ್ಷಕ್ಕೊಂದು ಹೊಸ ಲಡಿ ಯಾಕೆ ಕೆಡಿಸ್ಬೇಕು?"

ಬೆರಳು ಮೇಲೆದ್ದಿತು.

"ಎಲ್ಲದಕ್ಕೂ ಒಂದು ಕ್ರಮ ಐತೆ."