ಏಳು ಪಾಲಿನ ವಿಮಾನ

ವಿಮಾನ ಕೆಟ್ಟಿರಲಿಲ್ಲ. ಮೇಸ್ತ್ರಿ ಹಾಕಿದ ಪೈಪೂ ಕೆಟ್ಟಿರಲಿಲ್ಲ. ವಿಮಾನ ಉಸಿರಾಡುವ ತೂತಿಗೆ ನಾನು ಕುಂಕುಮ ಮೆತ್ತಿದ್ದೆ, ಅಷ್ಟೇ. ಉಳಿದದ್ದೆಲ್ಲ ನಾವು ಕೂತು ಮಾಡಿದ ಗಲಾಟೆ.

ನಾವು ಎಂದರೆ ಪಾಲುದಾರರು. ಜವನಗೊಂಡನಹಳ್ಳಿ ಕಡೆಯ ನನ್ನ ಹೊಲದಲ್ಲಿ ಒಂದು ಪುಟ್ಟ ವಿಮಾನವಿದೆ, ಎರಡು ಸೀಟಿನದು. ಅದು ಯಾರೊಬ್ಬರದೂ ಅಲ್ಲ, ಏಳು ಜನರದು. ಹೊಳಲ್ಕೆರೆಯ ಡಾಕ್ಟರು ಮೊದಲ ಸಲ ಬಂದು ಹೊಲ ಕೇಳಿದಾಗ ನನ್ನ ಮಕ್ಕಳು ನಕ್ಕರು. ಶೇಂಗಾ ಬಿಟ್ಟರೆ ಏನೂ ಬೆಳೆಯದ ನೆಲ, ಆದರೆ ರೊಟ್ಟಿ ಹಂಚಿನ ಹಾಗೆ ಮಟ್ಟಸ.

"ವರ್ಷಕ್ಕಿಷ್ಟು ಅಂತ ಬಾಡಿಗೆ ಕೊಡ್ತೀವಿ ಅಜ್ಜಿ" ಎಂದರು ಡಾಕ್ಟರು.

"ಬಾಡಿಗೆ ಬ್ಯಾಡ. ನಂಗೂ ಒಂದು ಪಾಲು ಕೊಡ್ರಿ" ಎಂದೆ.

ಕೊಟ್ಟರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಕುರಿ ಹಿಂದೆ ಹೋದವಳು ಹೀಗೆ ವಿಮಾನದ ಒಡತಿಯಾದೆ. ಅದರಲ್ಲಿ ನಿನ್ನ ಭಾಗ ಯಾವುದು ಎಂದು ಮೊಮ್ಮಕ್ಕಳು ಕೇಳುತ್ತವೆ. ಬಾಲ ಎಂದು ಹೇಳಿದ್ದೇನೆ.

ಇನ್ನೊಂದು ಪಾಲು ಮೇಸ್ತ್ರಿಯದು. ಚಿತ್ರದುರ್ಗದ ಮುಸಲ್ಮಾನರ ಮನೆಯವನು, ಅಜ್ಜನ ಕಾಲದಿಂದ ಲೇತು, ಪಂಪ್‌ಸೆಟ್ಟಿನ ಕೆಲಸ. ಉಳಿದ ಐವರು ದುಡ್ಡು ಹಾಕಿದರು, ಅವನು ಕೈ ಹಾಕಿದ. ಎಂಜಿನ್ ಎಣ್ಣೆ, ಪ್ಲಗ್ಗು, ಚಕ್ರದ ಗ್ರೀಸು ಎಲ್ಲ ಅವನದೇ. ಒಂದೊಂದು ಬೋಲ್ಟಿನ ಮೇಲೂ ಬಣ್ಣದ ಗೀಟು ಎಳೆದಿಟ್ಟಿದ್ದಾನೆ, ಗೀಟು ಮುರಿದಿದ್ದರೆ ಬೋಲ್ಟು ಸಡಿಲವಾಗಿದೆ ಎಂದು ಲೆಕ್ಕ. ವರ್ಷಕ್ಕೊಮ್ಮೆ ಎಂಜಿನಿಯರೊಬ್ಬರು ಬಂದು, ನೋಡಿ, ಸಹಿ ಹಾಕಿ, ಊಟ ಮಾಡಿ ಹೋಗುತ್ತಾರೆ. ನನ್ನದು ಶೆಡ್ಡಿನ ಬೀಗ. ಹಾರುವ ಮುಂಚೆ ವಿಮಾನ ಓಡುವ ದಾರಿಯ ಕಲ್ಲು ಆರಿಸಿ ಕುರಿ ಅಟ್ಟುತ್ತೇನೆ, ಹಾರಿ ಬಂದ ಮೇಲೆ ಅದರ ಮೈ ತೊಳೆಯುತ್ತೇನೆ. ರೆಕ್ಕೆಗೆ ಬಡಿದು ಸತ್ತ ಹುಳ ಒಣಗಿತೆಂದರೆ ಉಗುರಿಗೂ ಬಿಡುವುದಿಲ್ಲ.

ಆಯುಧಪೂಜೆಗೆ ಎಲ್ಲರ ಗಾಡಿಗೆ ಮಾಡಿದಂತೆ ಇದಕ್ಕೂ ಮಾಡಿದೆವು. ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಮೇಸ್ತ್ರಿ ಮಂಡಕ್ಕಿ ತಿಂದು ಬೇಗ ಹೊರಟ. ಕುಂಕುಮ ಇಡುವ ಕೆಲಸ ನನಗೆ ಬಂತು. ವಿಮಾನಕ್ಕೆ ಹಣೆ ಯಾವುದು? ಮುಂದೆ ನೋಡಿದರೆ ಫ್ಯಾನು. ಸುತ್ತ ಒಂದು ಸಲ ಬಂದೆ. ಬಾಗಿಲ ಹಿಂದೆ, ಪಕ್ಕೆಯಲ್ಲಿ, ಕೆಂಪು ಬಣ್ಣದ ಒಂದು ಉಂಗುರ ಬರೆದಿತ್ತು, ಬೊಟ್ಟಿಡಲೆಂದೇ ಬರೆದ ಹಾಗೆ. ಕೆಳಗೆ ಇಂಗ್ಲಿಷಿನಲ್ಲಿ ಏನೋ ಇತ್ತು. ಇದನ್ನು ಮುಚ್ಚಬಾರದು ಎಂದು ಬರೆದಿದ್ದರಂತೆ, ಆಮೇಲೆ ಗೊತ್ತಾಯಿತು. ಗಾಳಿಗೆ ಹಾರದಿರಲಿ ಎಂದು ಕುಂಕುಮವನ್ನು ಹರಳೆಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ ಹೆಬ್ಬೆರಳಲ್ಲಿ ಒತ್ತಿದೆ. ಆಚೆ ಪಕ್ಕೆಯಲ್ಲೂ ಅಂಥದೇ ಉಂಗುರವಿತ್ತು. ಅಲ್ಲೂ ಒತ್ತಿದೆ. ನಾನು ಅರ್ಧ ಕೆಲಸ ಮಾಡುವವಳಲ್ಲ.

ಆ ವಾರದ ಭಾನುವಾರ ಎಲ್ಲರೂ ಸೇರಿದ್ದರು. ಡಾಕ್ಟರು ಒಬ್ಬರೇ ಹಾರಿದರು. ಅರ್ಧ ಗಂಟೆ ಹಾರಾಡುವವರು ಒಂದೇ ಸುತ್ತಿಗೆ ಇಳಿದುಬಿಟ್ಟರು. ಕೆಳಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

"ತೆಂಗಿನ ಮರ ಬೆಂಕಿಕಡ್ಡಿ ಥರ ಕಾಣ್ತಿದ್ವು. ಎತ್ತರ ತೋರ್ಸೋ ಮುಳ್ಳು ನೋಡಿದ್ರೆ, ಇನ್ನೂ ನೆಲದ ಮ್ಯಾಲೇ ಇದೀಯ ಅಂತಿತ್ತು. ಸ್ಪೀಡಿನ ಮುಳ್ಳೂ ಸುಳ್ಳು. ಕಣ್ಣಳತೇಲಿ ಇಳಿಸ್ದೆ" ಎಂದರು.

ಹಿರಿಯೂರಿನ ತೆಂಗಿನಕಾಯಿ ಸಾಹುಕಾರ ನಮ್ಮಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನವನು. "ಮುಳ್ಳಿನ ಹಿಂದ್ಗಡೆ ಪೈಪ್ ಬದಲಿಸ್ದೋರು ಯಾರು?" ಎಂದ.

ಯಾರು ಎಂದು ಎಲ್ಲರಿಗೂ ಗೊತ್ತಿತ್ತು. ಹಬ್ಬಕ್ಕೆ ಎರಡು ದಿನ ಮುಂಚೆ ಮೇಸ್ತ್ರಿಯೇ ಬಿರುಕು ಬಿಟ್ಟ ಹಳೇ ಪೈಪು ತೆಗೆದು ಹೊಸದು ಹಾಕಿದ್ದ. ಅವನು ಮುಳ್ಳುಗಳಿದ್ದ ಮುಂದಿನ ಹಲಗೆ ಬಿಚ್ಚಿ ನೋಡಿದ. ಆಮೇಲೆ ಹೊರಗೆ ಬಂದು ಪಕ್ಕೆಯನ್ನು ಬಗ್ಗಿ ನೋಡಿದ. "ಪೈಪ್ ಸರಿ ಐತೆ" ಎಂದಷ್ಟೇ ಹೇಳಿ, ಕೈ ತೊಳೆದು, ಸ್ಕೂಟರ್ ಹತ್ತಿ ಹೋದ.

"ಸರಿ ಐತಂತೆ! ಪಂಪ್‌ಸೆಟ್ ರಿಪೇರಿ ಮಾಡೋನ ಕೈಗೆ ವಿಮಾನ ಕೊಟ್ರೆ ಇನ್ನೇನಾಗ್ತೈತೆ?" ಎಂದ ಸಾಹುಕಾರ.

ಅಲ್ಲೇ ಕೂತು ಪಾಲಿನ ಪುಸ್ತಕದಲ್ಲಿ ಬರೆದರು. ಮೇಸ್ತ್ರಿಯ ಪಾಲು ತೆಗೆಯುವುದು, ಕೆಲಸಕ್ಕೆ ಬೆಂಗಳೂರಿನಿಂದ ಬೇರೆಯವರನ್ನು ಕರೆಸುವುದು. ಉಳಿದ ಆರೂ ಜನರ ರುಜು ಬೇಕು. ಐದು ಬಿತ್ತು, ಡಾಕ್ಟರದೂ ಸೇರಿ. ಪುಸ್ತಕ ನನ್ನ ಮುಂದೆ ಬಂತು.

"ತಡೀರಿ, ತೊಳೆದು ಬಂದು ಹಾಕ್ತೀನಿ. ಹುಳ ಒಣಗ್ತವೆ" ಎಂದೆ. ನಿಜ ಹೇಳುವುದಾದರೆ ಮೇಸ್ತ್ರಿಯ ಮೇಲಿನ ಕನಿಕರದಿಂದ ತಡೆದವಳಲ್ಲ. ಹುಳ ನಿಜವಾಗಿಯೂ ಒಣಗುತ್ತಿದ್ದವು.

ಪಕ್ಕೆ ಉಜ್ಜುವಾಗ ಕುಂಕುಮ ಬಿಡಲೊಲ್ಲದು. ಸೋಪು ಹಚ್ಚಿ ಉಜ್ಜಿದೆ. ಅಡಿಯಲ್ಲಿ ರಾಗಿ ಕಾಳಿನಷ್ಟು ಒಂದು ತೂತು, ತುಂಬ ಕೆಂಪು.

"ಡಾಕ್ಟ್ರೇ, ಇದೇನ್ರಿ ತೂತು?"

ಅವರು ಬಂದು ಬಗ್ಗಿ ನೋಡಿ ತಲೆ ಮೇಲೆ ಕೈ ಹೊತ್ತರು. "ಅಜ್ಜಿ, ಇದೇ ಅದರ ಉಸಿರು. ಹೊರಗಿನ ಗಾಳಿ ಇಲ್ಲಿಂದ ಒಳಗೆ ಹೋದ್ರೇನೇ ಮುಳ್ಳು ಆಡೋದು."

"ಹಂಗಾದ್ರೆ ಮೆತ್ತಿದ್ದು ನಾನೇ. ಹಾರೋ ಮುಂಚೆ ನೀವು ಸುತ್ತ ಬಂದು ಎಲ್ಲಾ ಮುಟ್ಟಿ ಮುಟ್ಟಿ ನೋಡ್ತೀರಲ್ಲ, ಕಾಣ್ಲಿಲ್ವ?"

"ಕಾಣ್ತು. ಪೂಜೆ ಕುಂಕುಮ, ಒರೆಸಿದ್ರೆ ನೀವೆಲ್ಲಿ ಬೈತೀರೋ ಅಂತ ಬಿಟ್ಟೆ."

"ಬೈತಿದ್ದೆ. ಆದ್ರೂ ಒರೆಸ್ಬೇಕಿತ್ತು."

ಸಾಹುಕಾರನಿಗೆ ನಗು ತಡೆಯಲಾಗಲಿಲ್ಲ. "ಮತ್ತೆ ಅಜ್ಜಿ ಪಾಲೇ ಕಿತ್ತಾಕಾಣೇನು?"

"ಕಿತ್ತಾಕಪ್ಪ. ವಿಮಾನ ನಿನ್ನ ಕಾಯಿ ಮಂಡಿ ಮ್ಯಾಲೆ ಇಳಿಸ್ಕಳ್ಳುವಂತೆ."

ಎಲ್ಲರೂ ನಕ್ಕರು. ಬರೆದ ಹಾಳೆಯನ್ನು ನಾನೇ ಹರಿದೆ. ಡಾಕ್ಟರು ಮೇಸ್ತ್ರಿಗೆ ಎರಡು ಸಲ ಫೋನ್ ಮಾಡಿದರು. ಅವನು ಎತ್ತಲಿಲ್ಲ. ಸಾಹುಕಾರ ಪಿನ್ನು ತಂದು ತೂತು ಬಿಡಿಸಲು ಹೋದ. ಮೇಸ್ತ್ರಿ ಬರುವವರೆಗೆ ಯಾರೂ ಮುಟ್ಟಕೂಡದು ಎಂದು ಶೆಡ್ಡಿಗೆ ಬೀಗ ಹಾಕಿದೆ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಚಿತ್ರದುರ್ಗಕ್ಕೆ ಹೋದೆ. ಮೇಸ್ತ್ರಿ ಅಂಗಡಿಯ ಶಟರ್ ಅರ್ಧ ಎತ್ತಿ, ಒಳಗೆ ಯಾವುದೋ ಕಬ್ಬಿಣಕ್ಕೆ ಅರ ಹಾಕುತ್ತಿದ್ದ. ಬಗ್ಗಿ ಒಳಗೆ ನುಗ್ಗಿ, ಸ್ಟೂಲ್ ಎಳೆದುಕೊಂಡು ಕೂತೆ.

"ಕುಂಕುಮ ಅಂತ ನಿಂಗೆ ಗೊತ್ತಾಗಿತ್ತು, ಅಲ್ವೇನಪ್ಪ?"

"ಹೂಂ ಅವ್ವ. ಇಳಿದ ಮ್ಯಾಲೆ ನೋಡ್ದೆ."

"ಮತ್ಯಾಕೆ ಬಾಯಿ ಬಿಡ್ಲಿಲ್ಲ?"

ಅವನು ಅರ ಕೆಳಗಿಟ್ಟ. "ನಾನು ಹೇಳಿದ್ರೆ ಏನಂತಿದ್ರು? ತನ್ನ ತಪ್ಪು ಮುಚ್ಚಾಕೆ ಪೂಜೆ ಮ್ಯಾಲೆ ಹಾಕ್ದ ಅಂತಿದ್ರು. ನೀವು ಹೇಳಿದಾಗ ಏನಂದ್ರು?"

"ನಕ್ರು."

"ಅದೇ ನೋಡ್ರಿ."

ಅವನ ಮಾತು ನಿಜ. ನಿಜ ಎಂದೇ ಹೇಳಿದೆ. ಆಮೇಲೆ ಹೇಳಿದೆ: "ಇನ್ನು ಮ್ಯಾಲೆ ನಾನು ಕುಂಕುಮ ಎಲ್ಲಿಡ್ಬೇಕು ಅಂತ ನೀನೇ ತೋರ್ಸು. ತಪ್ಪಿಟ್ರೆ ನೀನೇ ಒರೆಸು. ಯಾವನಾದ್ರೂ ಕೇಳಿದ್ರೆ ಅಜ್ಜಿ ಹೇಳೈತೆ ಅನ್ನು. ತೂತು ಹಂಗೇ ಐತೆ, ನಡಿ ಹೋಗಾಣ."

"ಅಂಗಡಿ?"

"ಮಧ್ಯಾಹ್ನ ತೆಗಿ."

ಅವನು ಎದ್ದು ಚೀಲಕ್ಕೆ ಸ್ಪ್ಯಾನರ್ ತುಂಬಿದ. ಅವನ ಸ್ಕೂಟರಿನ ಹಿಂದೆ ಕೂತು ಹೈವೇಯಲ್ಲಿ ಬಂದೆ. ದಾರಿಯಲ್ಲಿ ಇಡ್ಲಿ ತಿಂದೆವು. ಹೊಲಕ್ಕೆ ಬಂದವನೇ, ಮುಳ್ಳು ಕೆಡದಿರಲೆಂದು ಒಳಗಿನ ಪೈಪು ಕಳಚಿಟ್ಟು, ಪಕ್ಕೆಯ ಹತ್ತಿರ ಮಂಡಿಯೂರಿ ಕೂತ.

"ಬ್ಯಾಟ್ರಿ ಹಿಡೀರಿ ಅವ್ವ. ಅತ್ಲಾಗಲ್ಲ, ಇತ್ಲಾಗೆ."

ಹಿಡಿದೆ.